ಅವ್ವ ಹಸಿದಿದ್ದ ಭಾನುವಾರಗಳು

ತಿಂಗಳ ಮೊದಲ ಭಾನುವಾರ ಅವ್ವ ಬೆಳಗಿನಿಂದ ಏನೂ ತಿನ್ನುತ್ತಿರಲಿಲ್ಲ. ಅಂದು ಸಂಜೆ ನಾಲ್ಕಕ್ಕೆ ಘಾಟ್ಕೋಪರಿನಲ್ಲಿ ನಮ್ಮ ಕನ್ನಡ ಕ್ರೈಸ್ತರ ಆರಾಧನೆ. ಮರಾಠಿ ಸಭೆಯವರು ತಮ್ಮದು ಮುಗಿಸಿ ದೇವಾಲಯ ಬಿಟ್ಟುಕೊಟ್ಟ ಮೇಲೆ ನಮ್ಮ ಪಾಳಿ. ಗದಗಿನ ಕಡೆಯಿಂದ ಬಂದ ಹತ್ತಿಪ್ಪತ್ತು ಮನೆಯವರು ಅಲ್ಲಿ ಸೇರಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದೆವು. ಆ ರೊಟ್ಟಿಗಿಂತ ಮೊದಲು ಬೇರೇನೂ ಬಾಯಿಗೆ ಬೀಳಬಾರದು ಎಂಬುದು ಅವ್ವನ ನೇಮ. ಹಿಂದಿನ ದಿನವೇ ಬಿಳಿ ಸೀರೆಯನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು ಮಲಗುತ್ತಿದ್ದಳು. ಅದೇ ಅವಳ ಇಸ್ತ್ರಿ.

ಜೋಗೇಶ್ವರಿಯ ಚಾಳಿನ ಒಂದು ಕೋಣೆಯಲ್ಲಿ ನಾವಿಬ್ಬರೇ. ನಾನು ಅಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದೆ. ಅವ್ವನ ಮೊಣಕಾಲು ಸೋತಿತ್ತು. ಲೋಕಲ್ ಬದಲಿಸಲು ದಾದರಿನ ಸೇತುವೆ ಹತ್ತುವಾಗ ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ಹಿಂದಿನವರು ಬೈಯುತ್ತಿದ್ದರು, ನನಗೆ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು. ವಾರಕ್ಕೊಂದೇ ರಜೆ, ಅದೂ ಹೀಗೆ ಹೋಗುತ್ತದಲ್ಲ ಎಂದು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಗೆಳೆಯರು ಪವಾಯಿ ಕೆರೆಗೆ ಕರೆದರು. ಅವ್ವ ಅಷ್ಟರಲ್ಲಿ ಸೀರೆ ಉಟ್ಟು ಬಾಗಿಲ ಹತ್ತಿರ ಕೂತಿದ್ದಳು.

"ಅಯ್ಯನೋರು ಊರಿಗೆ ಹೋಗ್ಯಾರಂತ. ಈ ತಿಂಗಳ ಭೋಜನ ಇಲ್ಲಬೇ," ಎಂದುಬಿಟ್ಟೆ.

ಅಯ್ಯನೋರೆಂದರೆ ನಮ್ಮ ಪಾದ್ರಿ. ಅವಳು ಸೀರೆ ಬದಲಿಸಿ, ತಣ್ಣನೆಯ ರೊಟ್ಟಿಯನ್ನು ಚಹಾದಲ್ಲಿ ಅದ್ದಿಕೊಂಡು ತಿಂದಳು. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಸಲೀಸು. ಮುಂದಿನ ತಿಂಗಳು ಅಯ್ಯನೋರಿಗೆ ಹುಷಾರಿಲ್ಲ ಎಂದೆ, ಅದರ ಮುಂದಿನ ತಿಂಗಳು ದೇವಾಲಯಕ್ಕೆ ಸುಣ್ಣ ಬಳಿಯುತ್ತಿದ್ದಾರೆ ಎಂದೆ. ಮೂರು ಸಲವೂ ಅವಳು ಬೆಳಗಿನಿಂದ ಹಸಿದೇ ಇದ್ದಳು. ಮಳೆಗಾಲ ಬಂತು, ಅವ್ವನಿಗೆ ಜ್ವರ ಬಂತು, ನಾಲ್ಕೇ ದಿನದಲ್ಲಿ ತೀರಿಕೊಂಡಳು. ಆ ಬಿಳಿ ಸೀರೆಯನ್ನೇ ಉಡಿಸಿದೆವು.

ಆಮೇಲೆ ನಾನು ಒಂದು ಆರಾಧನೆಯನ್ನೂ ತಪ್ಪಿಸಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜಾತಿ ನನ್ನದು. ಕಡೆಯ ಬೆಂಚಿನಲ್ಲಿ ಕೂತು ಪಾಪದ ಅರಿಕೆಯನ್ನು ಎಲ್ಲರೊಂದಿಗೆ ಹೇಳುತ್ತಿದ್ದೆ. ಕ್ಷಮೆಯಾಗಿದೆ ಎಂದು ಅಯ್ಯನೋರು ಸಾರಿದಾಗ ಆಮೆನ್ ಅನ್ನುತ್ತಿದ್ದೆ. ಮಿಕ್ಕವರು ಭೋಜನಕ್ಕೆ ಎದ್ದಾಗ ಕಾಲು ಹಿಂದಕ್ಕೆಳೆದು ದಾರಿ ಬಿಡುತ್ತಿದ್ದೆ. ಹೀಗೆ ನಾಲ್ಕು ವರ್ಷ. ಆ ಚೂರು ರೊಟ್ಟಿಗಾಗಿ ಜೀವ ಎಷ್ಟು ಹಂಬಲಿಸುತ್ತಿತ್ತೋ ನನಗೇ ಗೊತ್ತು. ಅವ್ವನ ಬಾಯಿಂದ ಕಸಿದದ್ದನ್ನು ನಾನು ಹೇಗೆ ತಿನ್ನಲಿ?

ಒಂದು ಸಂಜೆ ಎಲ್ಲರೂ ಹೋದ ಮೇಲೆ ಅಯ್ಯನೋರು ಪಕ್ಕದಲ್ಲಿ ಬಂದು ಕೂತು ಕಾರಣ ಕೇಳಿದರು. ಎಲ್ಲವನ್ನೂ ಹೇಳಿದೆ. ಬೈಯಲಿ ಎಂದೇ ಕಾದಿದ್ದೆ. ಬೈದರು, ಆದರೆ ಬೇರೆಯದಕ್ಕೆ.

"ದೇವರು ವರ ಕೊಟ್ಟರೂ ಪೂಜಾರಿ ಕೊಡಂಗಿಲ್ಲ ಅಂತಾರ. ಇಲ್ಲಿ ದೇವರೂ ಕೊಟ್ಟಾನ, ಪೂಜಾರಿ ನಾನೂ ಕೊಡಾಕ ನಿಂತೀನಿ. ತಗೊಳ್ಳಾವ ನೀನ ಕೈ ಕಟ್ಟಿ ಕುಂತಿ ನೋಡು ತಮ್ಮಾ. ಅವನಕಿಂತ ದೊಡ್ಡ ಜಡ್ಜ್ ಆಗಿಯೇನು ನೀ?"

ಅವ್ವನಿಗೆ ಸಿಗಲಿಲ್ಲವಲ್ಲ ಎಂದೆ. ಅವಳು ಈಗ ಅವನ ಪಂಕ್ತಿಯಲ್ಲೇ ಕೂತಿದ್ದಾಳೆ, ಹಸಿದಿರುವವನು ನೀನು ಎಂದರು. ನಾನು ಪಶ್ಚಾತ್ತಾಪ ಎಂದುಕೊಂಡದ್ದರಲ್ಲಿ ಅರ್ಧ ಬರೀ ಹಟವಾಗಿತ್ತು.

ಮುಂದಿನ ತಿಂಗಳು ಬೆಳಗಿನಿಂದ ಏನೂ ತಿನ್ನದೆ ಹೊರಟೆ. ದಾದರಿನ ಸೇತುವೆ ಹತ್ತುವಾಗ ಹೊಟ್ಟೆ ಚುರುಗುಟ್ಟಿ ಕಣ್ಣಿಗೆ ಕತ್ತಲೆ ಕವಿಯಿತು. ಅವ್ವ ಅಲ್ಲಿ ನಿಲ್ಲುತ್ತಿದ್ದದ್ದು ಮೊಣಕಾಲಿನಿಂದಷ್ಟೇ ಅಲ್ಲ, ಹಸಿವಿನಿಂದಲೂ ಎಂದು ಆಗ ತಿಳಿಯಿತು. ಕಂಬಿ ಹಿಡಿದು ನಿಂತು ಅತ್ತೆ. ಹಿಂದಿನವರು ಬೈದರು.

ದೇವಾಲಯದಲ್ಲಿ ಎಲ್ಲರ ಸಾಲಿನಲ್ಲಿ ಮೊಣಕಾಲೂರಿದೆ. ಅಯ್ಯನೋರು ಅಂಗೈಯಲ್ಲಿ ರೊಟ್ಟಿಯ ಚೂರು ಇಟ್ಟರು, ತಿಂದೆ. ದೇವರು ಕ್ಷಮಿಸಿದ್ದಾನೆಂದು ಅಂದು ನಂಬಿದೆ, ಇಂದಿಗೂ ನಂಬುತ್ತೇನೆ. ಎಡಕ್ಕಿದ್ದವರು ಇನ್ನಷ್ಟು ಹತ್ತಿರ ಸರಿಯಲು ಸನ್ನೆ ಮಾಡಿದರು. ಆಗಲೇ ಗಮನಿಸಿದ್ದು, ನನ್ನ ಪಕ್ಕದಲ್ಲಿ ಒಬ್ಬರಿಗೆ ಸಾಕಾಗುವಷ್ಟು ಜಾಗ ಬಿಟ್ಟಿದ್ದೆ. ಸರಿಯಲು ಮನಸ್ಸಾಗಲಿಲ್ಲ.