ಹದಕ್ಕೆ ಬಂದ ಟಯರು

ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದಿದ್ದೆ. ಮೊನ್ನೆ ಬೆಳಿಗ್ಗೆ ಅದರ ಪ್ಲಾಸ್ಟಿಕ್ ಕವರನ್ನು ಹಲ್ಲಿನಿಂದ ಕಚ್ಚಿ ಹರಿದಾಗ ಹೊಸ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಂತು. ತೊಳೆದಿಟ್ಟ ಬೇಳೆ ಹಾಗೇ ಇತ್ತು, ಒಲೆ ಹಚ್ಚಿರಲಿಲ್ಲ. ಆ ಕಪ್ಪು ಬಳೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ... ಎದುರು ಮನೆಯ ಅಣ್ಣ ಪಿಕಪ್ ಗಾಡಿಗೆ ಹೊಸ ಟಯರು ಹಾಕಿಸಿಕೊಂಡು ಬಂದ ದಿನ ನಮ್ಮ ಬೀದಿಯ ತುಂಬ ಇದೇ ವಾಸನೆಯಿತ್ತು.

ಆಗ ನಾನು ನ್ಯಾಮತಿಗೆ ಬಂದು ಎರಡು ವರ್ಷವಾಗಿತ್ತು. ನಮ್ಮವರಿಗೆ ಕೆಲಸ ಜಗಳೂರಿನಲ್ಲಿ. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ. ಅತ್ತೆ ಊಟವಾದ ಮೇಲೆ ಮಲಗಿದರೆ ಹೊತ್ತು ಇಳಿಯುವ ತನಕ ಏಳುತ್ತಿರಲಿಲ್ಲ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಲವತ್ತು ಹುಡುಗಿಯರ ಗದ್ದಲದಲ್ಲಿ ಬೆಳೆದವಳಿಗೆ ಆ ಮಧ್ಯಾಹ್ನಗಳು ಬಹಳ ಉದ್ದ ಅನ್ನಿಸುತ್ತಿದ್ದವು. ಕಿಟಕಿಯ ಪಕ್ಕ ಕೂತು ಬೀದಿಯ ಸದ್ದುಗಳನ್ನು ಒಂದೊಂದಾಗಿ ಗುರುತು ಹಿಡಿಯುವುದೇ ನನ್ನ ಕೆಲಸವಾಗಿತ್ತು.

ಎದುರು ಮನೆಯ ಅಣ್ಣನ ಕಸುಬು ಬೋರ್‌ವೆಲ್ಲಿನ ಮೋಟಾರು ಎತ್ತುವುದು. ಪಿಕಪ್ಪಿನ ಹಿಂದೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಸರಪಳಿ, ರಾಟೆ, ಪೈಪು ಹಿಡಿಯುವ ದೊಡ್ಡ ಸ್ಪ್ಯಾನರುಗಳು. ಅವರ ಹೆಂಡತಿ ನಾನು ಬರುವ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆಕೆಯ ತವರು ಜಗಳೂರಿನ ಹತ್ತಿರದ ಬಿಳಿಚೋಡು. ಆಕೆ ಹೋದ ಮೇಲೂ ಅಲ್ಲಿಯವರು ಮೋಟಾರು ಕೆಟ್ಟರೆ ಹತ್ತಿರದವರನ್ನು ಬಿಟ್ಟು ನಮ್ಮೂರಿನ ಈ ಅಳಿಯನನ್ನೇ ಕರೆಸುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಬೇರೆಯವರು ಮೋಟಾರು ಎತ್ತಿ ನೋಡಿ ರೋಗ ಹೇಳುತ್ತಿದ್ದರು. ಇವರು ಎತ್ತದೇ ಹೇಳುತ್ತಿದ್ದರು. ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇತ್ತು ಅವರ ಹತ್ತಿರ. ಅದರ ತುದಿಯನ್ನು ಬೋರಿನ ಪೈಪಿಗೆ ಒತ್ತಿ, ಮರದ ಹಿಡಿಕೆಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿಕೊಂಡರೆ ಮುಗಿಯಿತು. ಬೇರಿಂಗ್ ಹೋಗಿದೆಯೋ, ನೀರು ಕೆಳಗಿಳಿದಿದೆಯೋ, ಮೇಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲೇ ತೊಂದರೆಯೋ... ಹೇಳಿಬಿಡುತ್ತಿದ್ದರು. ನಾಲ್ಕು ಜನ ಅರ್ಧ ದಿನ ಪೈಪು ಬಿಚ್ಚುವ ಕೆಲಸ ಉಳಿಯುತ್ತಿತ್ತು.

ಹೊಸ ಟಯರಿನ ದಿನ ಅವರು ನಮ್ಮ ಅತ್ತೆಯನ್ನು ಕರೆದು ತೋರಿಸಿದರು. ಆಲ್ ಟೆರೈನ್ ಟಯರು, ಬೆರಳು ಇಳಿಯುವಷ್ಟು ಆಳದ ಗೀರು, ಮೈತುಂಬ ಮುಳ್ಳಿನಂಥ ಸಣ್ಣ ರಬ್ಬರ್ ಕೂದಲು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದು ಸುತ್ತು ಹಾಕಿದರು.

“ಏನ್ ತಮ್ಮಾ ಇದು? ಯಾರ್ದಾರ ಟ್ರ್ಯಾಕ್ಟರ್ ಗಾಲಿ ಕಿತ್ಕೊಂಡು ಬಂದೀಯೇನು?”

“ಅಲ್ಲಬೇ ಅವ್ವಾ, ಇವು ಎಲ್ಲಾ ನೆಲಕ್ಕೂ ಆಗೋ ಟಯರು. ಹೊಲ, ಹಳ್ಳ, ಕಲ್ಲು... ಎಲ್ಲಾ ಕಡಿಗೂ ಹೋಗ್ತಾವೆ.”

“ಎಲ್ಲಾ ಕಡಿಗೂ ಹೋಗೋದು ಇರ್ಲಿ, ಹೊತ್ತಿಗೆ ಸರಿಯಾಗಿ ಮನಿಗೆ ಬರ್ತಾವೇನು ಕೇಳು.”

ಅಣ್ಣ ನಕ್ಕು ನನ್ನ ಕಡೆ ತಿರುಗಿ ಕಾರಣ ಹೇಳಿದರು. ಹಿಂದಿನ ಮಳೆಗಾಲದಲ್ಲಿ ಹೊನ್ನಾಳಿ ಕಡೆ ಒಂದು ಎರೆ ಹೊಲದಲ್ಲಿ ಗಾಡಿ ಹೂತುಹೋಗಿತ್ತಂತೆ. “ಎರಡು ಜೊತೆ ಎತ್ತು ಕಟ್ಟಿ ಎಳೆಸಿದ್ರು ಕಣ್ರಿ ತಂಗಿ. ಮಂದಿ ನಕ್ರೆ ನಕ್ಕೊಳ್ಳಿ, ಆ ಎತ್ತುಗಳೂ ತಿರುಗಿ ತಿರುಗಿ ನೋಡ್ತಿದ್ವು ನನ್ನ!” ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಗಾಡಿಯನ್ನು ಒಂದು ಮಾರು ಮುಂದೆ ಓಡಿಸಿದರು. ನಿಂಬೆಯ ಹುಳಿ ವಾಸನೆಯೂ ರಬ್ಬರಿನ ವಾಸನೆಯೂ ಬೆರೆತು ಸಂಜೆಯವರೆಗೂ ನಮ್ಮ ಜಗಲಿಯ ಮೇಲಿತ್ತು.

ಆ ಟಯರುಗಳಿಗೆ ಒಂದು ದನಿಯಿತ್ತು. ಟಾರು ರಸ್ತೆಯ ಮೇಲೆ ಬರುವಾಗ ಸಣ್ಣಗೆ ‘ಗುಂಯ್’ ಅನ್ನುತ್ತಿದ್ದವು, ಮುಚ್ಚಿದ ಡಬ್ಬಿಯೊಳಗಿನ ದುಂಬಿಯ ಹಾಗೆ. ಗಾಡಿ ನಮ್ಮ ಬೀದಿಗೆ ತಿರುಗಿತೆಂದರೆ ನನಗೆ ಗೊತ್ತಾಗುತ್ತಿತ್ತು, ಚಹಾಕ್ಕೆ ನೀರಿಡುತ್ತಿದ್ದೆ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಚಹಾ ಕುದಿದಿರುತ್ತಿತ್ತು. ಇದಕ್ಕೆ ಬದಲಾಗಿ ಎನ್ನುವಂತೆ, ಜಗಳೂರು ಕಡೆ ಹೋಗುವ ದಿನ ಅವರು ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ರೊಟ್ಟಿ, ಶೇಂಗಾ ಚಟ್ನಿ, ಒಂದು ಪಲ್ಯ ಹಾಕಿದ ಬುತ್ತಿಯನ್ನು ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ ಕೊಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ನಮ್ಮವರ ಆಫೀಸಿನ ಮೇಜಿನ ಮೇಲಿರುತ್ತಿತ್ತು.

ಚಹಾ ಕುಡಿಯುವಾಗ ಅವರು ಸುಮ್ಮನೆ ಕೂರುತ್ತಿರಲಿಲ್ಲ. ಗಾಡಿಯ ಪಕ್ಕ ಒಂದು ಮಣೆ ಹಾಕಿಕೊಂಡು ಟಯರಿನ ಗೀರುಗಳಲ್ಲಿ ಸಿಕ್ಕ ಕಲ್ಲುಗಳನ್ನು ಒಂದೊಂದಾಗಿ ಕೀಳುತ್ತಿದ್ದರು, ಮಗುವಿನ ಕಾಲಿನ ಮುಳ್ಳು ತೆಗೆಯುವ ಹಾಗೆ. ಜೊತೆಗೆ ಟಯರಿನ ಗುಣಾವಗುಣ. ಜಗಳೂರಿನ ಕಲ್ಲಿನ ಮೇಲೆ ಓಡಿಸಿದರೂ ಪಕ್ಕಕ್ಕೆ ಒಂದು ಗಾಯವಿಲ್ಲ. ಚನ್ನಗಿರಿ ಕಡೆಯ ತೋಟದ ದಾರಿಯ ಕೆಸರಿನಲ್ಲಿ ಹಿಡಿತ ಚೆನ್ನ. ಡೀಸೆಲ್ ಮಾತ್ರ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಇನ್ನು ಹೊನ್ನಾಳಿಯ ಎರೆ ಮಣ್ಣು ಹಸಿಯಿದ್ದರೆ ಗೀರಿನೊಳಗೆಲ್ಲ ತುಂಬಿಕೊಂಡು ಟಯರು ಲಾಡು ಆಗಿಬಿಡುತ್ತದೆ. “ಎರೆ ಮಣ್ಣಿನ ಮುಂದೆ ಯಾವ ಟಯರಿಗೂ ಜಂಬ ಬ್ಯಾಡ” ಎನ್ನುತ್ತಿದ್ದರು. ಟಯರಿನ ದನಿ ಚೂರು ಒರಟಾದರೂ ಸಾಕು, ಅವರ ಕಿವಿಗೆ ಬೀಳುತ್ತಿತ್ತು. ಬರುವ ಭಾನುವಾರವೇ ಜಾಕು ಹಚ್ಚಿ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಾಯಿಸುತ್ತಿದ್ದರು. ಹಾಗೆ ಮಾಡಿದರೆ ಒಂದೇ ಸಮ ಸವೆಯುತ್ತದೆ, ಸದ್ದು ಏಳುವುದಿಲ್ಲ ಅಂತೆ. ಚಹಾ ಮುಗಿದ ಮೇಲೆ ಲೋಟವನ್ನು ತಾವೇ ತೊಳೆದು ನಮ್ಮ ಜಗಲಿಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಬೇಡವೆಂದು ನಾನು ಎಷ್ಟೋ ಸಲ ಹೇಳಿದ್ದೆ.

ಟಯರು ಬಂದ ಮೂರನೆಯ ವರ್ಷ ಇರಬೇಕು... ಗಾಡಿಯ ಸದ್ದು ನನಗೆ ಬೀದಿಗಿಂತ ಮೊದಲೇ, ಹೊನ್ನಾಳಿ ರಸ್ತೆಯ ತಿರುವಿನಿಂದಲೇ ಕೇಳತೊಡಗಿತು. ದುಂಬಿಯ ದನಿ ಹೋಗಿ ‘ಊಂ ಊಂ’ ಎಂಬ ಗೋಳು ಬಂದಿತ್ತು. ನಿದ್ದೆಯಲ್ಲಿದ್ದ ಅತ್ತೆ ಎದ್ದು ಕೂತು, “ಏನೇ ಅದು, ವಿಮಾನ ಇಳಿದಂಗೆ!” ಅನ್ನುತ್ತಿದ್ದರು. ಟಯರಿನ ಗೀರುಗಳ ನಡುವಿನ ಒಂದೊಂದು ಉಬ್ಬೂ ಒಂದು ಕಡೆ ಎತ್ತರ, ಒಂದು ಕಡೆ ತಗ್ಗಾಗಿ ಗರಗಸದ ಹಲ್ಲಿನಂತೆ ಸವೆದಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಗಾಲಿ ಅದಲುಬದಲು ಮಾಡುವ ಭಾನುವಾರಗಳು ಯಾವಾಗ ನಿಂತವೋ ಲೆಕ್ಕವಿರಲಿಲ್ಲ.

ಒಂದು ಸಂಜೆ ಅಣ್ಣ ಚಹಾದ ಲೋಟ ಹಿಡಿದು, ಟಯರಿನ ಮೇಲೆ ಕೈಯಾಡಿಸುತ್ತ ಹೇಳಿದರು: “ಈಗ ನೋಡ್ರಿ ತಂಗಿ, ಟಯರು ಹದಕ್ಕೆ ಬಂದಾವೆ. ಹೊಸದ್ರಾಗೆ ಎಷ್ಟು ಗುಂಯ್ ಅಂತಿದ್ವು. ಈಗ ಸದ್ದೇ ಇಲ್ಲ, ಬೆಣ್ಣಿ ಮ್ಯಾಲೆ ಹೋದಂಗೆ ಹೋಗ್ತೈತೆ ಗಾಡಿ.”

ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ. ಪ್ರೀತಿಯಿಂದ ಟಯರನ್ನು ಇನ್ನೊಮ್ಮೆ ತಟ್ಟಿದರು.

ಆಮೇಲೆ ಒಂದೊಂದೇ ಕಾಣತೊಡಗಿದವು. ಮಾತನಾಡುವಾಗ ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಒಂದು ದಿನ, ಹೇಳಲು ನಾಚಿಕೆಯಾಗುತ್ತದೆ, ಅವರು ಬೆನ್ನು ಹಾಕಿ ಕಲ್ಲು ಕೀಳುತ್ತಿದ್ದಾಗ ನಾನು ಬೇಕೆಂದೇ ಸ್ಟೀಲಿನ ತಟ್ಟೆಯೊಂದನ್ನು ಜಗಲಿಯ ಕಲ್ಲಿನ ಮೇಲೆ ಬೀಳಿಸಿದೆ. ಒಳಗಿನಿಂದ ಅತ್ತೆ “ಏನು ಒಡೀತೇ?” ಎಂದು ಕೂಗಿದರು. ಅಣ್ಣ ಕಲ್ಲು ಕೀಳುತ್ತಲೇ ಇದ್ದರು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಒಬ್ಬ ಮನುಷ್ಯನ ಜೇಬಿಗೆ ಕೈಹಾಕಿದಂತೆ ಅನ್ನಿಸಿತು.

ಶನಿವಾರ ನಮ್ಮವರಿಗೆ ಹೇಳಿದೆ. “ಅವ್ರ ಕಸುಬೇ ಕಿವಿ ಮ್ಯಾಲೆ ನಿಂತೈತೆ. ನೀನು ಹೋಗಿ ‘ನಿಮಗೆ ಕಿವಿ ಕೇಳಸಲ್ಲ’ ಅಂತ ಹೇಳಾಕೆ ಆಗ್ತದೇನು? ಅವರಿಗೇ ಗೊತ್ತಾಗ್ತೈತೆ ಬಿಡು” ಅಂದರು. ಇನ್ನೊಬ್ಬರ ಕೊರತೆಯನ್ನು ಅವರೆದುರು ಎತ್ತಿ ಆಡಬಾರದೆಂದು ಹಾಸ್ಟೆಲಿನ ಸಿಸ್ಟರುಗಳು ನಮಗೆ ಬೆತ್ತವಿಲ್ಲದೇ ಕಲಿಸಿದ್ದರು. ಬಾಯಲ್ಲಿ ಆಗದು, ಬರೆದು ಕೊಡೋಣವೆಂದುಕೊಂಡೆ. ‘ಅಣ್ಣಾ, ಟಯರಿನ ಸದ್ದು ಕಮ್ಮಿಯಾಗಿಲ್ಲ, ಬಹಳ ಹೆಚ್ಚಾಗಿದೆ. ದಯವಿಟ್ಟು ಒಮ್ಮೆ ಕಿವಿ ತೋರಿಸಿಕೊಳ್ಳಿ’ ಎಂದು ದುಂಡು ಅಕ್ಷರದಲ್ಲಿ ಬರೆದು ಸಾಸರಿನ ಮೇಲೆ ಲೋಟದ ಕೆಳಗಿಟ್ಟೆ. ಜಗಲಿಗೆ ಬರುವಷ್ಟರಲ್ಲಿ ಧೈರ್ಯ ಸಾಲದೆ ಚೀಟಿಯನ್ನು ಸೆರಗಿಗೆ ಸೇರಿಸಿದೆ. ನಾಳೆ ಕೊಟ್ಟರಾಯಿತು... ಹಾಗೆ ಎಷ್ಟು ನಾಳೆಗಳು ಹೋದವೋ. ಒಂದು ಮಾತಂತೂ ನಿಜ. ಹೇಳಿಬಿಟ್ಟರೆ ಅವರು ನಮ್ಮ ಜಗಲಿಗೆ ಬರುವುದನ್ನೇ ನಿಲ್ಲಿಸುತ್ತಾರೇನೋ ಎಂಬ ಅಂಜಿಕೆಯೂ ಇತ್ತು. ಇಡೀ ದಿನದಲ್ಲಿ ನನ್ನ ಜೊತೆ ಹತ್ತು ಮಾತಾಡುತ್ತಿದ್ದವರು ಅವರೊಬ್ಬರೇ.

ಬೇಸಿಗೆಯ ಕೊನೆಯಲ್ಲಿ ಬಿಳಿಚೋಡಿನಿಂದ ಕರೆ ಬಂತು. ಅವರ ಹೆಂಡತಿಯ ದಾಯಾದಿಗಳ ಹೊಲ. ಬೆಳಿಗ್ಗೆ ಬುತ್ತಿ ಕೊಟ್ಟೆ. ಸಂಜೆ ತಿರುವಿನಲ್ಲಿ ಸದ್ದು ಕೇಳಿ ನೀರಿಟ್ಟೆ. ಹೊರಗೆ ಬಂದು ನೋಡಿದರೆ ಅಣ್ಣ ಗಾಡಿಯಿಂದ ಇಳಿದಿರಲಿಲ್ಲ. ಪಕ್ಕದ ಸೀಟಿನ ಮೇಲೆ ನಾನು ಕಟ್ಟಿದ ಬುತ್ತಿ ಗಂಟು ಬಿಚ್ಚದೆ ಹಾಗೇ ಇತ್ತು. ಅದನ್ನು ಕೊಡಲು ಅವರು ಜಗಳೂರಿಗೆ ಹೋಗಿರಲೇ ಇಲ್ಲ.

ಬಹಳ ಹೊತ್ತಾದ ಮೇಲೆ ಇಳಿದು ಬಂದು ಮಣೆಯ ಮೇಲೆ ಕೂತರು. ತಾವಾಗಿಯೇ ಹೇಳಿದರು. ಸ್ಕ್ರೂಡ್ರೈವರ್ ಕಿವಿಗಿಟ್ಟು ನೋಡಿದರಂತೆ, ಏನೂ ಕೇಳಿಸಲಿಲ್ಲವಂತೆ. ಮೋಟಾರು ಕೂತುಹೋಗಿದೆ, ಎತ್ತಬೇಕು ಎಂದರಂತೆ. ಉರಿಬಿಸಿಲಲ್ಲಿ ಜನ ಸೇರಿ ಪೈಪು ಬಿಚ್ಚುತ್ತ ಮಧ್ಯಾಹ್ನದ ತನಕ ಎತ್ತಿದರು. ಮೋಟಾರಿಗೆ ಏನೂ ಆಗಿರಲಿಲ್ಲ. ಮೇಲೆ, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಂದು ವೈರು ಸುಟ್ಟಿತ್ತು, ಅಷ್ಟೆ.

“ಬೈದಿದ್ರೆ ಚೆನ್ನಾಗಿತ್ತು ತಂಗಿ. ಯಾರೂ ಬೈಲಿಲ್ಲ. ಒಬ್ಬಾಕಿ ಮುದುಕಿ ಮಾತ್ರ ಅಂದ್ಲು, ‘ಮೋಟಾರು ಓಡಿ ಓಡಿ ನಿಲ್ತಿತ್ತಲ್ಲೋ ಅಳಿಯಾ, ಓಡುವಾಗ ಗುರ್ ಅಂತ ನಮಗೆಲ್ಲಾ ಕೇಳಸ್ತಿತ್ತಲ್ಲ’ ಅಂತ.”

ಚಹಾ ತಂದುಕೊಟ್ಟೆ. ಅವರು ಲೋಟ ಹಿಡಿದುಕೊಂಡು ನನ್ನ ಮುಖ ನೋಡಿದರು.

“ನನ್ನ ಗಾಡಿ ಬರೋದು ನಿಮಗೆ ಎಲ್ಲಿಂದ ಕೇಳಸ್ತೈತ್ರಿ?”

“ಹೊನ್ನಾಳಿ ರಸ್ತೆ ತಿರುವಿನಿಂದ, ಅಣ್ಣಾ.”

“ಮೊದಲು?”

“ಮೊದಲು... ನಮ್ಮ ಬೀದಿಗೆ ತಿರುಗಿದ ಮೇಲೆ.”

ಅವರು ಟಯರಿನ ಕಡೆ ನೋಡಿದರು. ಕೈ ಚಾಚಿ ಆ ಗರಗಸದ ಹಲ್ಲುಗಳನ್ನು ಬೆರಳಿನಿಂದ ಸವರಿದರು, ಅವತ್ತೇ ಮೊದಲ ಸಲ ಎಂಬಂತೆ. “ಹಂಗಾರೆ ನಿಮಗೆ ಗೊತ್ತಿತ್ತು” ಅಂದರು. ಅದು ಪ್ರಶ್ನೆಯಾಗಿರಲಿಲ್ಲ. ಚಹಾ ಪೂರ್ತಿ ಕುಡಿದರು, ಲೋಟ ತೊಳೆದರು, ಜಗಲಿಯ ಮೇಲೆ ಬೋರಲು ಹಾಕಿದರು. ಆ ದಿನ ಕಲ್ಲು ಕೀಳಲಿಲ್ಲ.

ಅದಾದ ಮೇಲೆ ಒಂದು ತಿಂಗಳೂ ಅವರು ನ್ಯಾಮತಿಯಲ್ಲಿರಲಿಲ್ಲ. ಗಾಡಿಯನ್ನು ಸವಳಂಗದವರೊಬ್ಬರು ಕೊಂಡರು. ಕೊಳ್ಳಲು ಬಂದವರಿಗೆ ಅಣ್ಣ ಹೇಳುತ್ತಿದ್ದುದು ನನ್ನ ಕಿಟಕಿಗೆ ಕೇಳಿಸಿತು: “ಟಯರಿಗೆ ಇನ್ನಾ ಜೀವ ಐತ್ರಿ. ಆದ್ರೆ ಸದ್ದು ಬಾಳ. ನನಗೆ ಕೇಳಸಲ್ಲ, ನಿಮಗೆ ಕೇಳಸ್ತೈತೆ.” ಅಣ್ಣ ಚನ್ನಗಿರಿಗೆ, ಒಡಹುಟ್ಟಿದ ತಂಗಿಯ ಮನೆಗೆ ಹೋದರು. ಅಲ್ಲಿ ಪೈಪಿನ ಅಂಗಡಿಯೊಂದರಲ್ಲಿ ಅಳತೆ ಮಾಡಿ ಕೊಡುವ ಕೆಲಸವಂತೆ. ಹೊರಡುವ ದಿನ ಅತ್ತೆಯ ಕಾಲು ಮುಟ್ಟಿದರು. ನನಗೆ “ಬರ್ತೀನ್ರಿ ತಂಗಿ, ನಿಮ್ಮ ಚಾ ಮರೆಯಂಗಿಲ್ಲ” ಎಂದು ನಕ್ಕರು. ಆ ನಗುವಿನಲ್ಲಿ ಕೋಪ ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಇವತ್ತಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಎರಡು ವರ್ಷದ ಹಿಂದೆ ಅಣ್ಣ ತೀರಿಹೋದ ಸುದ್ದಿ ಬಂತು. ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು. ನಮ್ಮವರು ಇನ್ನೂ ಶನಿವಾರವೇ ಬರುತ್ತಾರೆ, ಈಗ ಬೇರೆ ಊರಿನಿಂದ. ಆ ಚೀಟಿ ಮಸಾಲೆ ಡಬ್ಬಿಗಳ ಹಿಂದೆ, ಹಳೆಯ ಪ್ರಾರ್ಥನೆ ಪುಸ್ತಕದಲ್ಲಿದೆ. ಅಕ್ಷರ ಈಗಲೂ ದುಂಡಗಿದೆ.

ಮೊನ್ನೆ ಗ್ಯಾಸ್ಕೆಟ್ ಹಾಕಿ ಕುಕ್ಕರ್ ಮುಚ್ಚಿದೆ. ಹೊಸದಲ್ಲವೇ, ಒಂದು ಚೂರೂ ಉಸಿರು ಬಿಡದೆ ಗಟ್ಟಿಯಾಗಿ ಕೂತುಕೊಂಡಿತು. ಈಗ ನಮ್ಮ ಕಡೆ ಎಷ್ಟೋ ಪಿಕಪ್ಪುಗಳಿಗೆ ಅಂಥ ಟಯರು ಬಂದಿವೆ. ದಿನಕ್ಕೆ ನಾಲ್ಕೈದಾದರೂ ಹೋಗುತ್ತವೆ, ಸವೆದು ಊಳಿಡುವವೇ ಹೆಚ್ಚು. ನನ್ನ ಕಿವಿಗೆ ಇನ್ನೂ ಏನೂ ಆಗಿಲ್ಲ... ಸದ್ದು ಹೊನ್ನಾಳಿ ರಸ್ತೆಯ ತಿರುವಿನಿಂದಲೇ ಕೇಳಿಸುತ್ತದೆ, ಬೀದಿಯ ಬಾಯಿಗೆ ಬರುತ್ತದೆ, ತಿರುಗದೆ ಮುಂದೆ ಹೋಗುತ್ತದೆ.