ನಾನು ಹಾಕಿದ ಕಪ್ಪು ಕಾಯಿ

ದೆವ್ವ, ಮಾಟ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಬ್ಯಾಡಗಿ ಪೇಟೆಯಲ್ಲಿ ಗೋಣಿಚೀಲದ ಅಂಗಡಿ ಇಟ್ಟುಕೊಂಡವನಿಗೆ ಅಂಥದ್ದಕ್ಕೆ ಪುರುಸೊತ್ತು ಎಲ್ಲಿಯದು? ಗಳಗನಾಥದ ಹೊಳೆದಂಡೆಯಲ್ಲಿ ಏನೋ ಕಂಡೆ ಎಂದು ಯಾರಾದರೂ ಹೇಳಿದರೆ, "ಹೊಟ್ಟಿ ಕೆಟ್ಟಿರಬೇಕು, ಒಂದಿಷ್ಟು ಓಮಿನಕಾಳು ತಿನ್ನು" ಎಂದು ನಗುತ್ತಿದ್ದೆ. ಹಾಗೆ ನಕ್ಕವನೇ ಈಗ ಇದನ್ನು ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಓದಿದವರು ನನ್ನನ್ನು ನೋಡಿ ನಕ್ಕರೆ ತಪ್ಪಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ. ಇದು ಕತ್ತಲೆಯಲ್ಲಿ ಆದದ್ದಲ್ಲ. ಸಂಜೆ ಆರು ಗಂಟೆಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ತಿಳಿವಳಿಕಸ್ಥರಾದ ಎಂಟು ಜನರ ಎದುರಿಗೆ ಆದದ್ದು.

ಎಂಬತ್ತರ ದಶಕದ ನಡುವಿನ ಮಾತು. ರಾಣೆಬೆನ್ನೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಫ್ರೀಮೇಸನ್ ಲಾಜ್ ಸೇರುತ್ತಿತ್ತು. ಲಾಜ್ ಎಂದರೆ ಅಣ್ಣತಮ್ಮಂದಿರಂತೆ ನಡೆದುಕೊಳ್ಳುತ್ತೇವೆ ಎಂದು ಮಾತು ಕೊಟ್ಟವರ ಸಂಘ. ತಿಂಗಳಿಗೊಮ್ಮೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಿಂದ ಒಂದು ಹತ್ತು ಜನ ಬರುತ್ತಿದ್ದೆವು. ಡಾಕ್ಟರು, ವಕೀಲರು, ವ್ಯಾಪಾರಸ್ಥರು. ಮೇಜಿನ ಮೇಲೆ ಗೀತೆ, ಕುರಾನು, ಬೈಬಲ್ಲು ಮೂರನ್ನೂ ಇಟ್ಟು ಸಭೆ ಮಾಡುತ್ತಿದ್ದೆವು. ಸಭೆ ಮುಗಿದ ಮೇಲೆ ಕೆಳಗಿನ ಪಡಸಾಲೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾತು, ನಗು. ವರ್ಷಕ್ಕೊಮ್ಮೆ ಕಾಗಿನೆಲೆಯಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದೆವು, ಶಾಲೆ ಮಕ್ಕಳಿಗೆ ನೋಟುಬುಕ್ಕು ಹಂಚುತ್ತಿದ್ದೆವು. ಬಾಗಿಲ ಹೊರಗೆ ಒಬ್ಬ ಸದಸ್ಯರು ಕತ್ತಿ ಹಿಡಿದು ಕಾವಲು ನಿಲ್ಲುವ ಪದ್ಧತಿ ಇದ್ದುದರಿಂದ ಊರ ಜನಕ್ಕೆ ನಮ್ಮ ಮೇಲೆ ಗುಮಾನಿ. ಎದುರಿನ ಚಹಾದಂಗಡಿಯವ ನನ್ನನ್ನು ಕಂಡಾಗಲೆಲ್ಲ, "ಸಾವ್ಕಾರ್ರ, ಮ್ಯಾಲೆ ಹೋತ ಕಡದ್ರ ನಮಗೂ ಒಂದು ಪಾಲು ಕಳಿಸ್ರೆಪಾ" ಎನ್ನುತ್ತಿದ್ದ.

ನನಗೆ ಆ ಲಾಜು ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಅಪ್ಪ ತೀರಿಕೊಂಡಾಗ ನಾನು ನಾಲ್ಕನೆಯ ಇಯತ್ತೆ. ಅಲ್ಲಿಗೆ ಶಾಲೆ ಬಿಟ್ಟು ಚೀಲ ಹೊಲಿಯಲು ಕುಳಿತೆ. ಅಂಗಡಿ ಒಂದು ಹದಕ್ಕೆ ಬಂದ ಮೇಲೆ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಹೊರಗಿನಿಂದ ಕಟ್ಟಿದೆ. ಗಣಿತ ತಲೆಗೆ ಹತ್ತಲಿಲ್ಲ. ಮೆಣಸಿನಕಾಯಿ ಚೀಲಕ್ಕೆ ಕಟ್ಟುವ ಚೀಟಿಯ ಮೇಲೆ ಸೂತ್ರಗಳನ್ನು ಬರೆದು ಅಂಗಿಯ ತೋಳಿನಲ್ಲಿ ಇಟ್ಟುಕೊಂಡು ಪರೀಕ್ಷೆಗೆ ಕುಳಿತೆ. ಮೇಲ್ವಿಚಾರಣೆಗೆ ಬಂದಿದ್ದವರು ಒಬ್ಬ ಗಣಿತದ ಮಾಸ್ತರರು, ಖಾದರ್ ಮಾಸ್ತರ. ಚೀಟಿ ಹಿಡಿದು ಎಳೆದರು. ಹದಿನಾರು ವರ್ಷದ ಹುಡುಗರ ನಡುವೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಮೀಸಿ ಇಷ್ಟುದ್ದ ಬಿಟ್ಟೀದಿ. ಈ ಹುಡುಗೂರಿಗೆ ಇದನ್ನ ಕಲಸಾಕ ಬಂದೀಯೇನೋ?" ಎಂದರು. ಇಡೀ ಕೋಣೆ ನಕ್ಕಿತು. ಆಮೇಲೆ ಎರಡು ವರ್ಷ ಬಿಟ್ಟು ಮತ್ತೆ ಕಟ್ಟಿ ಪಾಸಾದೆ. ಆದರೆ ಆ ನಗು ಕಿವಿಯಿಂದ ಹೋಗಲಿಲ್ಲ.

ಲಾಜಿಗೆ ಸೇರಿದಾಗ ಯಾರೋ ಕೇಳಿದರು, ಎಲ್ಲಿಯವರೆಗೆ ಓದಿದಿರಿ ಎಂದು. ಧಾರವಾಡದಲ್ಲಿ ಪಿಯುಸಿ ಎಂದುಬಿಟ್ಟೆ. ಒಂದೇ ಮಾತಿನ ಸುಳ್ಳು. ಆದರೆ ಆ ಸುಳ್ಳಿನ ಮೇಲೆ ಕುಳಿತು ಐದು ವರ್ಷ ಡಾಕ್ಟರು ವಕೀಲರ ಸರಿಸಮಕ್ಕೆ ರೊಟ್ಟಿ ತಿಂದಿದ್ದೆ.

ಹೀಗಿರುವಾಗ ಒಂದು ತಿಂಗಳ ಸಭೆಯ ಪತ್ರದಲ್ಲಿ ಹೊಸ ಸದಸ್ಯತ್ವಕ್ಕೆ ಬಂದ ಹೆಸರು ನೋಡಿದೆ. ಖಾದರ್ ಮಾಸ್ತರ. ಹೆಸರು ಸೂಚಿಸಿದವರು ನಮ್ಮ ರಾಣೆಬೆನ್ನೂರಿನ ಡಾಕ್ಟರು. ಅವರು ನನಗೆ ಹೇಳಿದ್ದು ಇಷ್ಟು: "ಭಾಳ ಸಾದಾ ಮನಷ್ಯಾ ರೀ. ಹೆಂಡತಿ ತೀರಿಕೊಂಡಾಳ, ಮಗಳ್ನ ದಾವಣಗೆರೆಗೆ ಕೊಟ್ಟಾರ. ಎರಡು ವರ್ಷ ನಮ್ಮ ಶಿಬಿರಕ್ಕ ಬಂದು ಮುದುಕೇರ್ನ ಕೈ ಹಿಡದು ಕರಕೊಂಡು ಅಡ್ಡ್ಯಾಡ್ಯಾರ. 'ತಿಂಗಳಿಗೆ ಒಂದು ದಿನ ನಾಲ್ಕು ಮಂದಿ ಕೂಡ ಕುಂತು ಉಣ್ಣಾಕ ಒಂದು ಜಾಗಾ ಬೇಕಾಗೇತಿ ಡಾಕ್ಟರ್ರ' ಅಂದ್ರು. ನನಗ ಒಂಥರಾ ಆತು."

ನನಗೂ ಒಂಥರಾ ಆಯಿತು. ಬೇರೆ ಕಾರಣಕ್ಕೆ.

ಹೊಸಬರನ್ನು ಸೇರಿಸಿಕೊಳ್ಳುವ ಮುನ್ನ ನಮ್ಮಲ್ಲಿ ಗುಪ್ತ ಮತ. ತೇಗದ ಒಂದು ಪೆಟ್ಟಿಗೆ. ಮುಂದೆ ಗೂಡಿನಂಥ ಒಂದು ಭಾಗ, ಅದರೊಳಗೆ ಬಿಳಿ ಗುಂಡುಗಳು, ಕಪ್ಪು ಕಾಯಿಗಳು. ಗೂಡಿಗೆ ಕೈ ಹಾಕಿದರೆ ಯಾರಿಗೂ ಏನೂ ಕಾಣುವುದಿಲ್ಲ. ಒಂದನ್ನು ಹಿಡಿದು ಹಿಂದಿನ ತೂತಿನೊಳಗೆ ಬಿಡಬೇಕು. ಅದು ಕೆಳಗಿನ ಡ್ರಾಯರಿಗೆ ಬೀಳುತ್ತದೆ. ಗುಂಡು ಹಾಕಿದರೆ ಒಪ್ಪಿಗೆ, ಕಪ್ಪು ಹಾಕಿದರೆ ಬೇಡ. ಒಂದೇ ಒಂದು ಕಪ್ಪು ಬಿದ್ದರೂ ಆ ಮನುಷ್ಯ ಹೊರಗೆ. ಕೈತಪ್ಪು ಆಗದಿರಲಿ ಎಂದೇ ಕಪ್ಪನ್ನು ಪಗಡೆಯ ದಾಳದ ಹಾಗೆ ಚೌಕಾಗಿ ಮಾಡಿಸಿರುತ್ತಾರೆ. ಯಾರು ಏನು ಹಾಕಿದರು ಎಂದು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಇವತ್ತು ಆ ನಿಯಮವನ್ನು ನಾನು ಮುರಿಯುತ್ತಿದ್ದೇನೆ.

ಅವತ್ತು ನಾವು ಒಂಬತ್ತು ಜನ. ಮತ ಮುಗಿದ ಕೂಡಲೆ ದೀಕ್ಷೆ ಕೊಡಬೇಕೆಂದು ಮಾಸ್ತರರನ್ನು ಆಗಲೇ ಕರೆಸಿ ಹೊರಗಿನ ಕೋಣೆಯಲ್ಲಿ ಕೂರಿಸಿದ್ದರು. ಮೆಟ್ಟಿಲು ಹತ್ತುವಾಗ ಅವರನ್ನು ದಾಟಿಯೇ ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಚಿದ ಕರ್ಚೀಫು. ಎದ್ದು ನಿಂತು, "ನಮಸ್ಕಾರ್ರಿ" ಎಂದರು. ನಾನು ಕತ್ತು ಬಗ್ಗಿಸಿ ಒಳಗೆ ಹೋದೆ.

ಒಬ್ಬ ಸದಸ್ಯರು ಪೆಟ್ಟಿಗೆ ಹಿಡಿದು ಒಬ್ಬೊಬ್ಬರ ಮುಂದೆ ಬಂದರು. ನನ್ನ ಸರದಿ ಏಳನೆಯದು. ಕೈ ಹಾಕಿದೆ. ಮೊದಲು ಬೆರಳಿಗೆ ಸಿಕ್ಕಿದ್ದು ಗುಂಡು. ಅದನ್ನು ಗೂಡಿನಲ್ಲೇ ಬಿಟ್ಟೆ. ಆಮೇಲೆ ಸಿಕ್ಕಿದ್ದು ಚೌಕ. ಎರಡು ಬೆರಳಿನಲ್ಲಿ ಹಿಡಿದು ಅದರ ಅಂಚು, ಮೂಲೆ ಎಲ್ಲ ಸವರಿ ನೋಡಿದೆ. ಕಣ್ಣು ಮುಚ್ಚಿ ಚೀಲ ಮುಟ್ಟಿದರೆ ಹೊಸದೋ, ಹಳೆಯದೋ, ಎಷ್ಟು ಸಲ ತೇಪೆ ಬಿದ್ದದ್ದೋ ಹೇಳಬಲ್ಲ ಬೆರಳುಗಳು ಇವು. ತಪ್ಪುವುದಿಲ್ಲ. ಒಂದು ಗಳಿಗೆ ತಡೆದೆ. ಸ್ವಂತ ಹಗೆಗೆ ಕಪ್ಪು ಹಾಕಬಾರದು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ತೂತಿನೊಳಗೆ ಬಿಟ್ಟೆ. ಗುಂಡು ಬಿದ್ದರೆ ಉರುಳುವ ಸದ್ದಾಗುತ್ತದೆ. ನನ್ನದು ಟಕ್ ಎಂದು ಬಿದ್ದು ಅಲ್ಲಿಯೇ ಕುಳಿತಿತು.

ಪೆಟ್ಟಿಗೆ ಅಧ್ಯಕ್ಷರ ಮುಂದೆ ಹೋಯಿತು. ಆ ವರ್ಷ ಹಾವೇರಿಯ ವಕೀಲರು ಅಧ್ಯಕ್ಷರು. ಇಬ್ಬರು ಹಿರಿಯ ಸದಸ್ಯರನ್ನು ಎರಡೂ ಬದಿಗೆ ನಿಲ್ಲಿಸಿಕೊಂಡು ಡ್ರಾಯರು ಎಳೆದರು. ನಾನು ನೆಲ ನೋಡುತ್ತಿದ್ದೆ.

"ಸ್ವಚ್ಛ ಐತಿ," ಎಂದರು ವಕೀಲರು. "ಒಂಬತ್ತಕ್ಕ ಒಂಬತ್ತೂ ಬಿಳೇವ."

ತಲೆ ಎತ್ತಿದೆ. ಡ್ರಾಯರನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಹಿಡಿದಿದ್ದರು. ಒಂಬತ್ತು ಬಿಳಿ ಗುಂಡು. ನಾನೂ ಎಣಿಸಿದೆ. ಕಪ್ಪು ಕಾಣೆಯಾಗಿದ್ದರೆ ಎಂಟೇ ಇರಬೇಕಿತ್ತಲ್ಲ? ಒಂಬತ್ತು ಇದ್ದವು.

ಏನನ್ನೂ ವಿಚಾರ ಮಾಡಲು ಹೊತ್ತು ಸಿಗಲಿಲ್ಲ. ಹೊಸಬರ ಕಣ್ಣಿಗೆ ಪಟ್ಟಿ ಕಟ್ಟಿ, ಕೈ ಹಿಡಿದು ಒಳಗೆ ಕರೆತಂದು ಸುತ್ತು ಹಾಕಿಸುವ ಕೆಲಸ ಆ ವರ್ಷ ನನ್ನದಾಗಿತ್ತು. ಹೊರಗೆ ಹೋದೆ. ಕಣ್ಣು ಕಟ್ಟಿಸಿಕೊಂಡು ಮಾಸ್ತರರು ಬಲಗೈ ಚಾಚಿದರು. ಅದು ಬೆವೆತಿತ್ತು. "ಎಡವೂದಿಲ್ಲಲ್ರೀ?" ಎಂದು ಮೆಲ್ಲಗೆ ಕೇಳಿದರು. "ನಾ ಇದ್ದೇನ್ರಿ" ಎಂದೆ. ಆ ಎರಡು ಶಬ್ದ ನನ್ನ ಬಾಯಿಂದ ಹೇಗೆ ಬಂದವೋ. ಅವರು ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡರು. ನಾನು ಎಲ್ಲಿ ಹೆಜ್ಜೆ ಇಟ್ಟೆನೋ ಅಲ್ಲಿ ಇಟ್ಟರು.

ಊಟದ ಹೊತ್ತಿಗೆ ನಾನೇ ಮುಂದಾಗಿ, ಪೆಟ್ಟಿಗೆ ಎತ್ತಿಡುತ್ತೇನೆ ಎಂದು ಮೇಲೆ ಹೋದೆ. ನಮ್ಮ ಪೆಟ್ಟಿಗೆಯಲ್ಲಿ ಹತ್ತು ಕಪ್ಪು ಕಾಯಿಗಳು. ಗೂಡಿನಲ್ಲಿ ಹತ್ತೂ ಇದ್ದವು. ನನ್ನ ಕೈ ಅಲ್ಲಿಂದ ಒಂದನ್ನು ಎತ್ತಿಯೇ ಇಲ್ಲವೇನೋ ಎಂಬ ಹಾಗೆ. ಕಣ್ಣು ಮುಚ್ಚಿ ಇಪ್ಪತ್ತು ಸಲ ಕೈ ಹಾಕಿ ಗುಂಡು, ಚೌಕ ಎಂದು ಹೇಳಿ ತೆಗೆದೆ. ಒಂದು ಸಲವೂ ತಪ್ಪಲಿಲ್ಲ. ಕೆಳಗೆ ಬಂದು ವಕೀಲರನ್ನು ಸುತ್ತುಬಳಸಿ ಕೇಳಿದೆ, "ಪೆಟ್ಟಿಗಿ ಎಲ್ಲಾ ಸರಿ ಐತಿಲ್ರೀ?"

"ಯಾಕ, ಹುಳಾ ಹತ್ತೇತೇನು?" ಎಂದು ರೊಟ್ಟಿ ಮುರಿದರು.

ಅವರೇ ಬದಲಿಸಿದರು ಎನ್ನೋಣವೆಂದರೆ, ಎರಡೂ ಬದಿಗೆ ಜನ ನಿಂತಿದ್ದರು. ಮತ್ತೆ ಅವರು ಹಾಗೆ ಮಾಡುವವರಲ್ಲ. ನನ್ನ ಮನಸ್ಸೇ ಕೈಗೆ ಮೋಸ ಮಾಡಿತು ಎನ್ನೋಣವೆಂದರೆ, ಆ ಮನಸ್ಸು ಅವತ್ತು ಎಷ್ಟು ಕಪ್ಪಾಗಿತ್ತೆಂದು ನನಗೆ ಗೊತ್ತು.

ಮಾಸ್ತರರು ನಮ್ಮ ನಡುವೆ ಬಂದು ಹನ್ನೊಂದು ವರ್ಷ ಕಳೆದವು. ಶಿಬಿರದ ಹೆಸರು ಬರೆಯುವ ಕೆಲಸ ಅವರದೇ ಆಯಿತು. ಊಟಕ್ಕೆ ಕುಳಿತರೆ ಕೊನೆಗೆ ಏಳುವವರು ಅವರೇ. ಎಲ್ಲರ ತಾಟಿನಲ್ಲಿ ರೊಟ್ಟಿ ಇದೆಯೋ ಇಲ್ಲವೋ ನೋಡುತ್ತಿದ್ದರು. ಪ್ರತಿ ತಿಂಗಳೂ ನಾನು ಕಾಯುತ್ತಿದ್ದೆ, ಇವತ್ತು ಚೀಟಿಯ ಮಾತು ತೆಗೆಯುತ್ತಾರೆ ಎಂದು. ತೆಗೆಯಲಿಲ್ಲ. ದೊಡ್ಡ ಮನಸ್ಸಿನಿಂದ ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. ಅದು ಇನ್ನೂ ಭಾರವಾಯಿತು. ಕೊನೆಗೆ ಒಂದು ಮಧ್ಯಾಹ್ನ, ಸಭೆಗೆ ಮುಂಚೆ ಅವರ ಮನೆಗೆ ಹೋದೆ. ಒಲೆಯ ಮೇಲೆ ಚಹಾ ಇಟ್ಟಿದ್ದರು.

ಮೊದಲು ಚೀಟಿಯ ಸಂಗತಿ ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ನನ್ನ ಮುಖ ನೋಡಿದರು.

"ಹಂಗ ನಾ ಎಷ್ಟ ಮಂದೀನ್ನ ಹಿಡದೇನೋ ಸಾವ್ಕಾರ್ರ. ಒಬ್ಬಾವ ಬೂಟಿನಾಗ ಅರ್ಧಾ ಪುಸ್ತಕಾನ ಹರದು ಇಟಗೊಂಡು ಬಂದಿದ್ದ. ಅವನ ಮುಖ ನೆನಪೈತಿ. ನಿಮ್ಮದು ಖರೇನ ನೆನಪಿಲ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಕಪ್ಪು ಕಾಯಿಯ ಸಂಗತಿಯನ್ನೂ ಹೇಳಿದೆ. ಅವರ ಮುಖ ಬದಲಾಯಿತು. ಸಿಟ್ಟಲ್ಲ. ಲೆಕ್ಕ ತಪ್ಪಿದಾಗ ಆಗುತ್ತದಲ್ಲ, ಹಾಗೆ.

"ಹಂಗಾರ ನಾ ಬ್ರದರ್ ಅಲ್ಲಲ್ರೀ," ಎಂದರು. "ಒಂದು ಕರೀದು ಬಿದ್ರ ಮುಗೀತು, ನಿಯಮ ಅಂದ್ರ ನಿಯಮ. ಹನ್ನೊಂದು ವರ್ಷ ನಾ ಹಕ್ಕಿಲ್ಲದ ಜಾಗಾದಾಗ ಕುಂತು ಉಂಡೇನಿ?"

"ಡ್ರಾಯರಿನ್ಯಾಗ ಒಂಬತ್ತೂ ಬಿಳೇವ ಇದ್ದೂವಲ್ರೀ ಮಾಸ್ತರ್ರ."

"ನೀವು ಹಾಕಿದ್ದು ಕರೀದಲ್ಲೇನ್ರಿ?"

ಹೇಳಬಾರದಿತ್ತು ಎಂದು ಆಗ ಅನ್ನಿಸಿತು. ಹನ್ನೊಂದು ವರ್ಷದ ಹಿಂದೆ ಕೈಯಿಂದ ಮಾಡಲಾಗದ್ದನ್ನು ಇವತ್ತು ಬಾಯಿಂದ ಮಾಡಿದೆನಲ್ಲ, ಈ ಮನುಷ್ಯನನ್ನು ಹೊರಗೆ ಹಾಕಿದೆನಲ್ಲ ಎಂದು. ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು. ಅವರು ಎದ್ದು ಇಳಿಸಿದರು, ಬೆನ್ನು ಹಾಕಿಯೇ ನಿಂತರು. ಹಾಗೆಯೇ ಕೇಳಿದರು:

"ಇವತ್ತ ಹಾಕೂದಿದ್ರ ಏನ್ ಹಾಕ್ತೀರಿ?"

"ಬಿಳೇದ ರೀ."

"ನನ್ನ ಮುಲಾಜಿಗೆ ಬಿದ್ದು ಹೇಳಬ್ಯಾಡ್ರಿ. ವಿಚಾರ ಮಾಡಿ ಹೇಳ್ರಿ."

"ವಿಚಾರ ಮಾಡೇ ಹೇಳಾಕತ್ತೇನ್ರಿ. ಬಿಳೇದು."

ತಿರುಗಿದರು. "ಹಂಗಾರ ಇವತ್ತಿನ ಗುಂಡು ಅವತ್ತ ಹೋಗಿ ಬಿದ್ದಿತ್ತು ಅನ್ರಿ," ಎಂದರು. "ಲೆಕ್ಕಕ್ಕ ಬರೂದಿಲ್ಲ, ಖರೆ. ಆದ್ರ ಬ್ಯಾರೆ ಹ್ಯಾಂಗ ಹಚ್ಚಿ ನೋಡಿದ್ರೂ ಒಂಬತ್ತು ಆಗೂದಿಲ್ಲಲ್ರೀ. ಅಂಗಿ ಹಾಕ್ಕೊಂಡು ಬರ್ತೇನಿ ತಡೀರಿ, ಸಭಾಕ್ಕ ಹೊತ್ತಾತು."

ಅವರು ಹೇಳಿದ್ದನ್ನು ನಂಬಲು ನನ್ನಿಂದ ಆಗಿಲ್ಲ. ಬಿಟ್ಟುಬಿಡಲೂ ಆಗಿಲ್ಲ. ಮಾಸ್ತರರು ಬಂದ ಮರುವರ್ಷ ನಮ್ಮ ಲಾಜಿನಲ್ಲಿ ಇನ್ನೊಬ್ಬರ ಹೆಸರಿಗೆ ಮತ ನಡೆದಿತ್ತು. ಹಾವೇರಿಯ ಒಬ್ಬ ಒಳ್ಳೆಯ ಮನುಷ್ಯ. ಡ್ರಾಯರು ಎಳೆದಾಗ ಒಂದು ಕಪ್ಪು ಇತ್ತು. ಎಲ್ಲರೂ ನೋಡಿದೆವು. ಅವರು ಹೊರಗಿನ ಕೋಣೆಯಿಂದಲೇ ತಿರುಗಿ ಹೋದರು, ಮತ್ತೆ ಬರಲಿಲ್ಲ. ಅವರಿಗೆ ಬಿದ್ದ ಕಪ್ಪು ಯಾಕೆ ಬದಲಾಗಲಿಲ್ಲ? ಅದನ್ನು ಹಾಕಿದವರ ಮನಸ್ಸು ಮುಂದೆ ಯಾವತ್ತೂ ಬದಲಾಗುವುದಿರಲಿಲ್ಲವೋ ಏನೋ. ಅದು ಯಾರೆಂದು ನಾನು ಕೇಳುವ ಹಾಗಿಲ್ಲ.