ಅಮ್ಮನ ಗೆರಟೆಯಲ್ಲಿ ಟೊಮೆಟೊ

ಕೊಂದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸತ್ತದ್ದು ಒಂದು ಟೊಮೆಟೊ ಗಿಡ. ಅಷ್ಟಕ್ಕೆ ಒಂದು ಅಂಕಣವೇ ಎನ್ನಬೇಡಿ. ನಮ್ಮ ಹಳ್ಳಿ ನೆಕ್ರಾಜೆಯಲ್ಲಿ ನಾನು ಕಂಡಂತೆ ಇದ್ದದ್ದು ಅದೊಂದೇ, ಮತ್ತು ನನ್ನ ಹೆಂಡತಿ ಬಸುರಿ. ಮಂಗಳೂರಿನಲ್ಲಿ ಬೆಳೆದ ಅವಳಿಗೆ ಬಯಕೆ ಹುಟ್ಟಿದ್ದು ಟೊಮೆಟೊ ಸಾರಿನ ಮೇಲೆ. ಮಾವಿನ ಮಿಡಿಯಾಗಿದ್ದರೆ ಮರ ಹತ್ತಬಹುದಿತ್ತು. ನಮ್ಮ ಸಂತೆಗೆ ಇನ್ನೂ ಬಾರದ ಇದಕ್ಕೆ ಎಲ್ಲಿ ಹತ್ತುವುದು?

ಬೀಜ ತರಿಸಿದೆ. ಜೊತೆಗೆ ಒಂದು ಇಂಗ್ಲಿಷ್ ಬುಕ್ಕೂ ಬಂತು. ಮೊಳೆತದ್ದು ಒಂದೇ ಒಂದು. ಅಮ್ಮ ಮೂಗು ಮುರಿದರು. "ಎಂತದು ಮಗಾ, ನೆತ್ತರಿನ ಬಣ್ಣದ ಹಣ್ಣಂತಲ್ಲ? ನನ್ನ ಅಡಿಗೆಮನೆಗೆ ಮಾತ್ರ ತರಬೇಡ." (ಎಷ್ಟೋ ಮನೆಗಳಲ್ಲಿ ಹಿರಿಯರು ಇನ್ನೂ ಇದನ್ನು ಮುಟ್ಟುವುದಿಲ್ಲ.) ಸಾರು ಮಾಡುವುದಿದ್ದರೆ ಜಗಲಿಯಲ್ಲಿ ಬೇರೆ ಒಲೆ ಎಂದು ರಾಜಿಯಾಯಿತು.

ಬುಕ್ಕಿನಲ್ಲಿ ಹೇಳಿದಂತೆ ಎಲೆಯ ಸಂದಿಯ ಚಿಗುರುಗಳನ್ನು ಚಿವುಟಿ ಎಸೆದೆ. ಗೊಬ್ಬರದಲ್ಲಿ ಮಾತ್ರ ಬುಕ್ಕನ್ನೂ ಮೀರಿದೆ. ಬೇಗ ಹಣ್ಣಾಗಲಿ ಎಂಬ ಆಸೆ ನೋಡಿ, ಒಂದು ಹಿಡಿ ಕಡಲೆಹಿಂಡಿ ಎಂದಲ್ಲಿ ಒಂದು ಸೇರು ಸುರಿದೆ! ನಾಲ್ಕೇ ದಿನದಲ್ಲಿ ಗಿಡ ಒಣಗಿ ಹೋಯಿತು.

ಹೆಂಡತಿ "ಇರಲಿ ಬಿಡಿ" ಅಂದಳು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸತ್ತ ಗಿಡವನ್ನು ಕಿತ್ತು ಬಚ್ಚಲಿನ ಹಿಂದೆ ಎಸೆಯಲು ಹೋದೆ. ಅಲ್ಲಿ ನೆರಳಿನಲ್ಲಿ ಏಳು ತೆಂಗಿನ ಗೆರಟೆಗಳು. ಪ್ರತಿಯೊಂದರಲ್ಲೂ ಮಣ್ಣು, ಮಣ್ಣಿನಲ್ಲಿ ಒಂದೊಂದು ಟೊಮೆಟೊ ಚಿಗುರು. ನಾನು ಚಿವುಟಿ ಎಸೆದದ್ದೇ!

"ಅಮ್ಮಾ, ಇದು ಯಾರ ಕೆಲಸ?"

"ಇನ್ಯಾರದ್ದು? ಹಸಿ ಗೆಲ್ಲನ್ನೆಲ್ಲ ಬಿಸಾಡಿದ್ದೆಯಲ್ಲ. ಮಲ್ಲಿಗೆಯ ಗೆಲ್ಲು ಊರುವ ಹಾಗೆ ಊರಿದೆ. ಹತ್ತು ದಿನದಲ್ಲಿ ಬೇರು ಬಂತು."

"ನಿಮಗೆ ಟೊಮೆಟೊ ಆಗುವುದಿಲ್ಲವಲ್ಲ?"

"ನಾನು ತಿನ್ನುವುದಿಲ್ಲ, ಹೌದು. ಹಾಗಂತ ಅದು ಸಾಯಬೇಕಾ ಮಾರಾಯ?"

ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ?

ಏಳನ್ನೂ ಅಂಗಳದ ಬದಿಯಲ್ಲಿ ನೆಟ್ಟೆವು. ದಿನವೂ ಬಾವಿಯಿಂದ ನೀರು ಹೊತ್ತವರು ಅಮ್ಮ. ನನ್ನನ್ನು ಬುಡದ ಹತ್ತಿರವೂ ಬಿಡಲಿಲ್ಲ. (ಎಕ್ಸ್‌ಪರ್ಟ್‌ಗೆ ಆದ ಮರ್ಯಾದೆ!)

ಕಳೆದ ಸೋಮವಾರ ಮೊದಲ ನಾಲ್ಕು ಹಣ್ಣು ಕೊಯ್ದೆವು. ಹೆಂಡತಿ ಜಗಲಿಯ ಒಲೆ ಹೊತ್ತಿಸಲು ಹೊರಟಳು. ಅಮ್ಮ ತಡೆದರು.

"ಈ ಹೊಟ್ಟೆ ಹೊತ್ತುಕೊಂಡು ನೀನು ಹೊರಗೆ ಬಗ್ಗಿ ಹೊಗೆ ಕುಡಿಯುವುದು ಬೇಡ. ಒಳಗೆ ಬಾ."

ತಮ್ಮ ಅಡಿಗೆಮನೆಯಲ್ಲಿ, ತಮ್ಮದೇ ಒಲೆಯ ಮೇಲೆ, ಸಾರಿಗೆ ಒಗ್ಗರಣೆ ಹಾಕಿದವರೂ ಅವರೇ. ಉಪ್ಪು ನೋಡುವ ಕೆಲಸವನ್ನು ಮಾತ್ರ ಸೊಸೆಗೆ ಬಿಟ್ಟರು.

ತಾನು ಬಾಯಿಗಿಡದ ಹಣ್ಣಿಗೆ ಎರಡು ತಿಂಗಳು ನೀರು ಹೊರುವುದು ಹೇಗೆಂದು ಆ ಬುಕ್ ಬರೆದವನಿಗೆ ಗೊತ್ತಿದೆಯೇ?